ಶಾರ್ಪನಿಂಗ್: ಮಸುಕಿನ ಮೂಲ ತಿಳಿದರೆ ಹದ ತಪ್ಪದು

ನೂರು ಮೆಗಾಪಿಕ್ಸೆಲ್ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ರಾ ಫೈಲನ್ನು ಏನೂ ತಿದ್ದದೆ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರ ತುಸು ಮೆತ್ತಗೆ ಕಾಣುತ್ತದೆ. ಮೊಬೈಲಿನ ಫೋಟೊ ಅದಕ್ಕಿಂತ ಖಡಕ್ಕಾಗಿ ಕಾಣುವುದೂ ಉಂಟು. ಏಕೆಂದರೆ ಮೊಬೈಲು ಫೋಟೊ ಉಳಿಸುವ ಮೊದಲೇ ಅದರ ಅಂಚುಗಳನ್ನು ತಾನೇ ತೀಡಿರುತ್ತದೆ. ರಾ ಫೈಲಿನಲ್ಲಿರುವುದು ಸೆನ್ಸರ್ ಅಳೆದ ಬೆಳಕಿನ ಲೆಕ್ಕ. ಅಂಚು ತೀಡುವ ಕೆಲಸ, ಅಂದರೆ ಶಾರ್ಪನಿಂಗ್, ಛಾಯಾಗ್ರಾಹಕರ ಪಾಲಿಗೆ ಉಳಿದಿರುತ್ತದೆ.

2019ರಲ್ಲಿ ಬಂದ ಫ್ಯೂಜಿಫಿಲ್ಮ್ ಜಿಎಫ್ಎಕ್ಸ್ 100 ಕ್ಯಾಮೆರಾವನ್ನೇ ನೋಡೋಣ. ಅದರ ಸೆನ್ಸರ್ ಸುಮಾರು 44 ಮಿ.ಮೀ. ಅಗಲ, 33 ಮಿ.ಮೀ. ಎತ್ತರ. 36×24 ಮಿ.ಮೀ.ನ ಫುಲ್‌ಫ್ರೇಮ್ ಸೆನ್ಸರಿಗಿಂತ ಅದರ ವಿಸ್ತೀರ್ಣ ಸುಮಾರು 1.7 ಪಟ್ಟಿನಷ್ಟಿದೆ. ಒಂದೊಂದು ಪಿಕ್ಸೆಲ್ಲಿನ ಅಗಲ 3.76 ಮೈಕ್ರೊಮೀಟರ್. ಇಷ್ಟು ಸೂಕ್ಷ್ಮವಾಗಿ ಅಳೆದರೂ ಮಸುಕು ಎಲ್ಲಿಂದ ಬರುತ್ತದೆ?

ಮೊದಲ ಮೂಲ ಸೆನ್ಸರಿನಲ್ಲೇ ಇದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಪ್ರತಿ ಪಿಕ್ಸೆಲ್ ಒಂದೇ ಬಣ್ಣವನ್ನು ಅಳೆಯುತ್ತದೆ: ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಅಂದಾಜು ಮಾಡಬೇಕು. ಆ ಅಂದಾಜಿನಲ್ಲಿ ಅಂಚುಗಳು ಸ್ವಲ್ಪ ಕರಗುತ್ತವೆ. ಅನೇಕ ಸಣ್ಣ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದೆ ಬೇಕೆಂದೇ ಮಸುಕು ಮಾಡುವ ತೆಳುವಾದ ಫಿಲ್ಟರ್ ಇರುತ್ತದೆ. ಮೀಡಿಯಂ ಫಾರ್ಮ್ಯಾಟಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಇಲ್ಲಿ ಶಾರ್ಪನಿಂಗ್ ಕಡಿಮೆ ಸಾಕು. ಆದರೆ ಆ ಫಿಲ್ಟರ್ ಇಲ್ಲದ್ದರಿಂದ ರೇಷ್ಮೆ ಸೀರೆಯಂಥ ನವಿರು ನೇಯ್ಗೆಯ ಮೇಲೆ ಇಲ್ಲದ ಅಲೆಗಳು, ಸುಳ್ಳು ಬಣ್ಣಗಳು ಮೂಡಬಹುದು. ಅಂಥಲ್ಲಿ ಶಾರ್ಪನಿಂಗ್ ಹೆಚ್ಚಿಸಿದರೆ ಅವೂ ಎದ್ದು ಕಾಣುತ್ತವೆ.

ಎರಡನೆಯದು ಬೆಳಕಿನದೇ ಗುಣವಾದ ವಿವರ್ತನೆ. ಲೆನ್ಸಿನ ಕಿಂಡಿ ಕಿರಿದಾದಷ್ಟೂ (ಅಂದರೆ ಎಫ್ ಸಂಖ್ಯೆ ದೊಡ್ಡದಾದಷ್ಟೂ) ಬೆಳಕಿನ ಚುಕ್ಕೆ ಹರಡಿಕೊಳ್ಳುತ್ತದೆ. ಎಫ್/8ರಲ್ಲಿ ಹಸಿರು ಬೆಳಕಿನ ಚುಕ್ಕೆ ಸುಮಾರು 11 ಮೈಕ್ರೊಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ಪಿಕ್ಸೆಲ್. ಎಫ್/16ರಲ್ಲಿ ಅದರ ಎರಡರಷ್ಟು. ದೊಡ್ಡ ಸೆನ್ಸರಿನಲ್ಲಿ ಫೋಕಸ್ಸಿನ ಆಳ ಕಡಿಮೆ. ಹತ್ತಿರದ ಬಂಡೆ, ದೂರದ ಬೆಟ್ಟ ಎರಡೂ ಸ್ಪಷ್ಟವಾಗಿರಲೆಂದು ಕಿಂಡಿ ಕಿರಿದು ಮಾಡಿದರೆ ಇಡೀ ಚಿತ್ರವೇ ತುಸು ಮಸುಕಾಗುತ್ತದೆ.

ಈ ಮಸುಕಿಗೆ ಹಳೆಯ ಮದ್ದು ಅನ್‌ಶಾರ್ಪ್ ಮಾಸ್ಕ್. ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಜೊತೆಗೆ ಅದರದೇ ಮಸುಕಾದ ಪಾಸಿಟಿವ್ ಪ್ರತಿಯನ್ನು ಜೋಡಿಸಿ ಪ್ರಿಂಟ್ ತೆಗೆಯುತ್ತಿದ್ದರು. ಕಂಪ್ಯೂಟರ್ ಅದನ್ನೇ ಲೆಕ್ಕದಲ್ಲಿ ಮಾಡುತ್ತದೆ: ಮೂಲದಿಂದ ಮಸುಕು ಪ್ರತಿಯನ್ನು ಕಳೆದು, ಉಳಿದ ವ್ಯತ್ಯಾಸವನ್ನು ಮೂಲಕ್ಕೆ ಕೂಡಿಸುತ್ತದೆ. ಅಂಚಿನ ಒಂದು ಬದಿ ಇನ್ನಷ್ಟು ಬೆಳ್ಳಗೆ, ಇನ್ನೊಂದು ಬದಿ ಇನ್ನಷ್ಟು ಕಪ್ಪಗಾಗಿ, ಕಣ್ಣಿಗೆ ಚುರುಕೆನಿಸುತ್ತದೆ. ಮಿತಿ ಮೀರಿದರೆ ಅಂಚಿನ ಸುತ್ತ ಬಿಳಿ ಗೆರೆ, ಅಂದರೆ ಹೇಲೊ, ಮೂಡುತ್ತದೆ.

ಇನ್ನೊಂದು ವಿಧಾನ ಡೀಕನ್ವಲ್ಯೂಷನ್. ಬೆಳಕಿನ ಚುಕ್ಕೆ ಹೇಗೆ ಹರಡಿತೆಂಬುದು ಗೊತ್ತಿದ್ದರೆ, ಲೆಕ್ಕ ಹಿಂದಕ್ಕೆ ಹಾಕಿ ಅದನ್ನು ಮತ್ತೆ ಒಗ್ಗೂಡಿಸಲು ಯತ್ನಿಸಬಹುದು. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ರೂಪಿಸಿದ ಈ ಗಣಿತ, 1990ರಲ್ಲಿ ದೋಷವಿದ್ದ ಕನ್ನಡಿಯೊಂದಿಗೆ ಮೇಲೇರಿದ ಹಬಲ್ ದೂರದರ್ಶಕದ ಚಿತ್ರಗಳನ್ನು ತಿಳಿಗೊಳಿಸಲು ನೆರವಾಯಿತು. ಅದೇ ಗಣಿತ ಇಂದು ರಾಥೆರಪಿಯಂಥ ಉಚಿತ ತಂತ್ರಾಂಶದಲ್ಲೂ ಇದೆ. ಆದರೆ ಇದಕ್ಕೂ ಮಿತಿಯಿದೆ. ಲೆನ್ಸಿನಲ್ಲೇ ಪೂರ್ತಿ ಅಳಿಸಿಹೋದ ವಿವರ ಮರಳುವುದಿಲ್ಲ; ಜೊತೆಗೆ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು ಕಲೆಗಳು, ಕೂಡ ಉಬ್ಬುತ್ತವೆ.

ಮಸುಕಿನ ಮೂಲಗಳು ಹಲವಾದ್ದರಿಂದಲೇ ಛಾಯಾಚಿತ್ರ ತಜ್ಞ ಬ್ರೂಸ್ ಫ್ರೇಸರ್ ಶಾರ್ಪನಿಂಗ್ ಕೆಲಸವನ್ನು ಮೂರು ಹಂತವಾಗಿ ಬಿಡಿಸಿದರು. ಮೊದಲು ಲೆನ್ಸು, ಸೆನ್ಸರಿನ ಮಸುಕಿಗೆ ಸಣ್ಣ ರೇಡಿಯಸ್ಸಿನ, ಅಂದರೆ ಅಂಚಿನ ತೀರ ಹತ್ತಿರಕ್ಕೆ ಮಾತ್ರ ತಾಗುವ, ಹಗುರ ತಿದ್ದುಪಡಿ. ಆಮೇಲೆ ಕಣ್ಣು, ಕೂದಲಿನಂಥ ಆಯ್ದ ಭಾಗಗಳಿಗೆ ಮಾತ್ರ ಒತ್ತು. ಕೊನೆಗೆ ಪರದೆಗೋ ಕಾಗದಕ್ಕೋ ತಕ್ಕ ತೀಡುವಿಕೆ. ಜಿಎಫ್ಎಕ್ಸ್ 100ರ ಫೈಲು ಇಂಚಿಗೆ 300 ಪಿಕ್ಸೆಲ್‌ನಂತೆ ಸುಮಾರು 39 ಇಂಚು ಅಗಲದ ಪ್ರಿಂಟ್ ಕೊಡುತ್ತದೆ. ಕಾಗದದಲ್ಲಿ ಶಾಯಿ ಹರಡುವುದರಿಂದ, ಪರದೆಯ ಮೇಲೆ ಸರಿ ಕಂಡದ್ದು ಪ್ರಿಂಟಿನಲ್ಲಿ ಮೆತ್ತಗಾಗಬಹುದು. ಆದ್ದರಿಂದ ಪ್ರಿಂಟಿನ ಹದವನ್ನು ಪ್ರಿಂಟ್ ತೆಗೆದೇ ನೋಡಬೇಕು.

ಶಾರ್ಪನಿಂಗಿನಲ್ಲಿ ಸಂಯಮ ಬೇಕಿರುವುದು ಬರೀ ಅಂದಕ್ಕಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2022ರಲ್ಲಿ ರೆಂಬ್ರಾಂಟನ ‘ನೈಟ್ ವಾಚ್’ ಕಲಾಕೃತಿಯ 717 ಗಿಗಾಪಿಕ್ಸೆಲ್ ಚಿತ್ರವನ್ನು ಪ್ರಕಟಿಸಿತು. ಹ್ಯಾಸೆಲ್‌ಬ್ಲಾಡ್ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ತೆಗೆದ 8,439 ಫೋಟೊಗಳನ್ನು ಜೋಡಿಸಿ ಮಾಡಿದ್ದದು. ಇಂಥ ದಾಖಲೆಗಳಲ್ಲಿ ಸಂಶೋಧಕರು ಬಣ್ಣದ ಕಣವನ್ನೂ ಬಿರುಕನ್ನೂ ಹುಡುಕುತ್ತಾರೆ. ಅಲ್ಲಿ ಒಂದು ಹೇಲೊ ಮೂಡಿದರೂ ಅದು ಕಲಾವಿದ ಎಳೆಯದ ಗೆರೆಯಾಗುತ್ತದೆ. ಮಸುಕು ಎಲ್ಲಿಂದ ಬಂತೆಂದು ತಿಳಿದು, ಅಷ್ಟನ್ನು ಮಾತ್ರ ತೆಗೆಯುವುದೇ ಒಳ್ಳೆಯ ಶಾರ್ಪನಿಂಗ್.