ಮಾರುತಿ ಕಾರಿನ ಡ್ರೈವ್ ಶಾಫ್ಟ್: ಮಳೆ ಹಿಡಿಯುವ ಮೊದಲೇ ನೋಡಿಕೊಳ್ಳಿ

ನಮ್ಮ ಸಂಘದ ಸದಸ್ಯರ ಮನೆಯಂಗಳಗಳಲ್ಲಿ ಹಳೆಯ ಮಾರುತಿ 800 ಕಾರುಗಳು ಇಂದಿಗೂ ಸಾಕಷ್ಟಿವೆ. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಗಾಡಿ ಇದು. ಆದುದರಿಂದ ಇವುಗಳಲ್ಲಿ ತೀರ ಎಳೆಯದಕ್ಕೂ ಈಗ ಹತ್ತು ವರ್ಷ ದಾಟಿದೆ. ಹೊಸದನ್ನು ಕೊಳ್ಳಬಾರದೇ ಎಂದು ಬೆಂಗಳೂರಿನಲ್ಲಿರುವ ಮಕ್ಕಳು ಫೋನಿನಲ್ಲಿ ಕೇಳುತ್ತಾರೆ. ಹಿಂದಿನ ಸೀಟಿನ ಮೇಲೆ ಅಡಿಕೆ ಚೀಲ ಹೊತ್ತು, ಎದುರಿನಿಂದ ಬಸ್ಸು ಬಂದರೆ ಧರೆಗೆ ಒತ್ತಿ ನಿಲ್ಲುವಷ್ಟು ಚಿಕ್ಕ ಗಾಡಿ ಈಗ ಯಾವುದು ಸಿಗುತ್ತದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಹದಿನೈದು ವರ್ಷ ಕಳೆದ ಕಾರನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನೋಂದಣಿ ನವೀಕರಿಸಬೇಕು, ಸರಿ. ಅದಕ್ಕಿಂತ ಕಠಿಣವಾದ ತಪಾಸಣೆಯನ್ನು ನಮ್ಮ ರಸ್ತೆಗಳು ಪ್ರತಿ ಆಷಾಢದಲ್ಲೂ ಮಾಡುತ್ತವೆ.

ಸಂಘದ ಕಚೇರಿಯ ಮುಂದೆ ಕಾರು ತಿರುಗಿಸುವಾಗ ಮುಂದಿನ ಚಕ್ರದಿಂದ 'ಕಟ ಕಟ ಕಟ' ಎಂಬ ಸದ್ದು ಬರುವುದನ್ನು ಹಲವು ಬಾರಿ ಕೇಳಿದ್ದೇವೆ. ಮಾಲೀಕರನ್ನು ವಿಚಾರಿಸಿದರೆ, "ಅದು ಆರು ತಿಂಗಳಿಂದ ಹಾಗೇ ಇದೆ, ಓಡುತ್ತದಲ್ಲ" ಎನ್ನುತ್ತಾರೆ. ಓಡುತ್ತದೆ ನಿಜ. ಎಲ್ಲಿಯವರೆಗೆ ಎಂಬುದೇ ಪ್ರಶ್ನೆ.

ಅಂಬಾಸಿಡರಿನಲ್ಲಿ ಇಂಜಿನ್ನಿನ ಶಕ್ತಿ ಉದ್ದದ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಮಾರುತಿಯಲ್ಲಿ ಎಳೆಯುವ ಚಕ್ರವೂ ತಿರುಗುವ ಚಕ್ರವೂ ಮುಂದಿನದೇ. ಗೇರ್ ಬಾಕ್ಸಿನ ಎರಡು ಬದಿಯಿಂದ ಒಂದೊಂದು ಡ್ರೈವ್ ಶಾಫ್ಟ್ ಹೊರಟು ಚಕ್ರವನ್ನು ಸೇರುತ್ತದೆ. ಚಕ್ರ ಗುಂಡಿಗೆ ಇಳಿದರೂ, ತಿರುವಿನಲ್ಲಿ ಓರೆಯಾದರೂ ಶಾಫ್ಟು ಒಂದೇ ವೇಗದಲ್ಲಿ ಸುತ್ತುತ್ತಿರಬೇಕು. ಇದಕ್ಕಾಗಿ ಹೊರ ತುದಿಯ ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡುಗಳು ಗಾಡಿಗಳಲ್ಲಿ ಉರುಳುತ್ತಿರುತ್ತವೆ. ಫೋರ್ಡ್ ಕಂಪೆನಿಯ ಇಂಜಿನಿಯರ್ ಆಲ್‌ಫ್ರೆಡ್ ರ್ಜೆಪ್ಪ 1920ರ ದಶಕದಲ್ಲಿ ರೂಪಿಸಿದ ಉಪಾಯವಿದು. 1959ರಲ್ಲಿ ಇಂಗ್ಲೆಂಡಿನ ಪುಟ್ಟ ಮಿನಿ ಕಾರು ಇದನ್ನು ಅಳವಡಿಸಿಕೊಂಡ ಮೇಲೆ ಸಣ್ಣ ಕಾರುಗಳಲ್ಲೆಲ್ಲ ಹರಡಿತು.

ಈ ಗುಂಡುಗಳ ಆಯುಸ್ಸು ಇರುವುದು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೂಟಿನಲ್ಲಿ. ಬೂಟು ಹರಿದರೆ ಗ್ರೀಸು ಹೊರಗೆ ಹಾರುತ್ತದೆ, ಕೆಸರು ಒಳಗೆ ಸೇರುತ್ತದೆ. ಮರಳು ಮಿಶ್ರಿತ ನಮ್ಮ ಕೆಮ್ಮಣ್ಣು ಆಮೇಲೆ ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಬೋರ್ಡೋ ದ್ರಾವಣವನ್ನು ಕೊಳೆ ಬೀಳುವ ಮೊದಲೇ ಹೊಡೆಯುವವರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಹರಿದ ಕೂಡಲೇ ನೋಡಿದರೆ ಬೂಟು ಮತ್ತು ಗ್ರೀಸಿನ ಖರ್ಚು ಮಾತ್ರ; ಸದ್ದು ಶುರುವಾದ ಮೇಲೆ ಹೊಸ ಬೂಟು ಹಾಕಿ ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಕಟಕಟ ಸದ್ದು ಬಂದರೆ ಹೊರಗಿನ ಜಾಯಿಂಟು ಸವೆದಿದೆ. ಏರು ಹತ್ತುವಾಗ ಗಾಡಿ ನಡುಗಿದರೆ ಒಳಗಿನ ಜಾಯಿಂಟಿನ ಮೇಲೆ ಅನುಮಾನ ಪಡಿ. ನೇರ ರಸ್ತೆಯಲ್ಲಿ ಗುಂಯ್‌ಗುಡುವುದು ಹೆಚ್ಚಾಗಿ ವೀಲ್ ಬೇರಿಂಗಿನ ರೋಗ, ಶಾಫ್ಟಿನದಲ್ಲ. ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸು ಸಿಡಿದಿದ್ದರೆ ಬೂಟು ಹೋಗಿದೆಯೆಂದೇ ತಿಳಿಯಿರಿ.

ಸವೆದ ಜಾಯಿಂಟು ಮುರಿದರೆ ಆಗುವುದೇನು? ಡಿಫರೆನ್ಷಿಯಲ್ ತನ್ನ ಶಕ್ತಿಯನ್ನೆಲ್ಲ ಮುರಿದ ಬದಿಗೆ ಸುಮ್ಮನೆ ಸುತ್ತಿಸಿಬಿಡುತ್ತದೆ. ಇನ್ನೊಂದು ಬದಿ ಗಟ್ಟಿಯಿದ್ದರೂ ಕಾರು ಒಂದಡಿ ಮುಂದೆ ಹೋಗದು. ಇನ್ನೂ ಮುಖ್ಯವಾದ ಮಾತು: ಆಗ ಗಾಡಿಯನ್ನು ಗೇರಿನಲ್ಲಿಟ್ಟರೂ ಇಳಿಜಾರಿನಲ್ಲಿ ಅದು ನಿಲ್ಲುವುದಿಲ್ಲ. ಕೈಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಲೇಬೇಕು. ರಾತ್ರಿ ಹನ್ನೊಂದು ಗಂಟೆಗೆ, ಎದೆನೋವಿನವರನ್ನೋ ಹೆರಿಗೆಯ ಹೆಂಗಸನ್ನೋ ಕೂರಿಸಿಕೊಂಡು, ಫೋನಿಗೆ ಸಿಗ್ನಲ್ ಇಲ್ಲದ ಘಾಟಿಯ ತಿರುವಿನಲ್ಲಿ ಹೀಗಾಗುವುದನ್ನು ಸದಸ್ಯರು ಯೋಚಿಸಿ ನೋಡಬೇಕು.

ಬದಲಾಯಿಸುವ ಕೆಲಸವನ್ನು ನಮ್ಮ ಕಣದಲ್ಲೇ ಎರಡು ಬಾರಿ ಮಾಡಿದ್ದೇವೆ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾದ ದಿನಗಳೇ ಇದಕ್ಕೆ ಪ್ರಶಸ್ತ. ಸಿಮೆಂಟಿನ ಸಮತಟ್ಟು ನೆಲ ಬೇರೆಲ್ಲಿ ಸಿಗುತ್ತದೆ? ಜೊತೆಗೆ ಇನ್ನೊಬ್ಬರು ಇರಲೇಬೇಕು. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಜಾಕಿನ ಮೇಲೊಂದನ್ನೇ ನಂಬಿ ಗಾಡಿಯಡಿ ನುಗ್ಗುವುದು ಸಲ್ಲದು. ಜಂಬಿಟ್ಟಿಗೆ ಕಲ್ಲನ್ನಾಗಲೀ ಸಿಮೆಂಟ್ ಇಟ್ಟಿಗೆಯನ್ನಾಗಲೀ ಆಧಾರಕ್ಕೆ ಇಡಕೂಡದು. ಅವು ಎಚ್ಚರಿಕೆ ಕೊಡದೆ ಪುಡಿಯಾಗುತ್ತವೆ. ಕಬ್ಬಿಣದ ಸ್ಟ್ಯಾಂಡ್ ಒಂದು ಜೊತೆ ಕೊಳ್ಳಿರಿ.

ಹಬ್ಬಿನ ದೊಡ್ಡ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕು ಒತ್ತಿ ಹಿಡಿದು, ಸಡಿಲಿಸಿಕೊಳ್ಳಬೇಕು. ಮೊದಲು ಸ್ಪ್ಲಿಟ್ ಪಿನ್ ತೆಗೆಯುವುದು ಸರಿಯಷ್ಟೆ. ವರ್ಷಗಟ್ಟಲೆ ತುಕ್ಕು ಹಿಡಿದ ನಟ್ಟು ಸುಲಭದಲ್ಲಿ ಜಗ್ಗದು. ಹಿಂದಿನ ಸಂಜೆಯೇ ಎಣ್ಣೆ ಬಿಟ್ಟು, ಹಿಡಿಗೆ ನಾಲ್ಕಡಿ ನೀರಿನ ಪೈಪು ತೂರಿಸಿದರೆ ಒಲಿಯುತ್ತದೆ. ಆಮೇಲೆ ಗೇರ್ ಆಯಿಲನ್ನು ಬಸಿದು, ಗಾಡಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಕಳಚಿರಿ. ಲೋವರ್ ಆರ್ಮಿನ ಬಾಲ್ ಜಾಯಿಂಟನ್ನೂ ಟೈ ರಾಡಿನ ತುದಿಯನ್ನೂ ಬಿಡಿಸಿದರೆ ಹಬ್ಬು ಹೊರಕ್ಕೆ ವಾಲಿ, ಶಾಫ್ಟಿನ ಹೊರ ತುದಿ ಕಳಚಿಕೊಳ್ಳುತ್ತದೆ. ಬ್ರೇಕಿನ ಪೈಪು ಜಗ್ಗದಂತೆ ನೋಡಿಕೊಳ್ಳಿ. ಒಳ ತುದಿಯನ್ನು ಗೇರ್ ಬಾಕ್ಸಿನ ಹತ್ತಿರ ಸಣ್ಣ ಹಾರೆಯಿಂದ ಮೀಟಿ ಬಿಡಿಸಬೇಕು. ಶಾಫ್ಟನ್ನು ಹೊರ ತುದಿ ಹಿಡಿದು ಎಳೆದರೆ ಒಳಗಿನ ಜಾಯಿಂಟೇ ಬಿಚ್ಚಿಕೊಂಡುಬಿಡುತ್ತದೆ.

ಹೊಸ ಶಾಫ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದವನ್ನೂ ಹಲ್ಲುಗಳನ್ನೂ ಹೋಲಿಸಿರಿ. ಎಡ ಬಲದ ಉದ್ದ ಒಂದೇ ಅಲ್ಲ, ಅಂಗಡಿಯವರು ಅದಲು ಬದಲು ಕೊಡುವುದುಂಟು. ಗೇರ್ ಬಾಕ್ಸಿನ ಆಯಿಲ್ ಸೀಲನ್ನು ಇದೇ ಸಮಯದಲ್ಲಿ ಬದಲಾಯಿಸಿ, ಅದರ ತುಟಿ ಹರಿಯದಂತೆ ಶಾಫ್ಟನ್ನು ನೇರವಾಗಿ ತೂರಿಸಿ, ಬೀಗದುಂಗುರ 'ಟಕ್' ಎಂದು ಕೂರುವವರೆಗೆ ಒತ್ತಬೇಕು. ಎರಡೂ ಬದಿಯದನ್ನು ಒಟ್ಟಿಗೆ ಹೊರತೆಗೆಯಬೇಡಿ, ಒಂದಾದ ಮೇಲೆ ಒಂದು. ಶಾಫ್ಟು ಇಲ್ಲದಿರುವಾಗ ಗಾಡಿಯ ಭಾರವನ್ನು ಆ ಚಕ್ರದ ಮೇಲೆ ಬಿಡಬಾರದು, ಬೇರಿಂಗು ಕೆಡುತ್ತದೆ. ಬೂಟು ಮಾತ್ರ ಬದಲಿಸುವವರು ಜೀಪಿಗೆಂದು ತಂದಿಟ್ಟ ಹಳದಿ ಗ್ರೀಸನ್ನು ತುಂಬದೆ, ಬೂಟಿನ ಜೊತೆ ಬರುವ ಕಪ್ಪು ಮಾಲಿಬ್ಡಿನಂ ಗ್ರೀಸನ್ನೇ ಹಾಕತಕ್ಕದ್ದು.

ಗೇರ್ ಆಯಿಲ್ ತುಂಬುವುದನ್ನು ಮರೆತು ಕಾರು ಓಡಿಸಿದರೆ ಶಾಫ್ಟಿನ ಉಳಿತಾಯವೆಲ್ಲ ಗೇರ್ ಬಾಕ್ಸಿಗೆ ಹೋಗುತ್ತದೆ. ಹಬ್ಬಿನ ನಟ್ಟನ್ನು ಚಕ್ರ ನೆಲ ಮುಟ್ಟಿದ ಮೇಲೆ, ಕಂಪೆನಿಯ ಪುಸ್ತಕ ಹೇಳುವ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಬೆಳಗಿನ ತಿಂಡಿ ಮುಗಿಸಿ ಕೂತರೆ ಒಂದು ಬದಿ ಊಟದ ಹೊತ್ತಿಗೆ ಆಗುತ್ತದೆ. ಬಾಲ್ ಜಾಯಿಂಟು ಎಷ್ಟು ಮಾಡಿದರೂ ಬಿಡದಿದ್ದರೆ ಸುತ್ತಿಗೆಯಿಂದ ಹಟ ಸಾಧಿಸದೆ ಮೆಕ್ಯಾನಿಕನನ್ನು ಕರೆಸುವುದು ಲೇಸು.

ಟಾರ್ಕ್ ರೆಂಚು ಎಲ್ಲರ ಮನೆಯಲ್ಲೂ ಇರುವ ವಸ್ತುವಲ್ಲ, ವರ್ಷಕ್ಕೊಮ್ಮೆ ಬೇಕಾಗುವುದಕ್ಕೆ ಎಲ್ಲರೂ ಕೊಳ್ಳಬೇಕಾಗಿಯೂ ಇಲ್ಲ. ಒಂದು ರೆಂಚು, ದೊಡ್ಡ ಸಾಕೆಟ್ ಮತ್ತು ಎರಡು ಸ್ಟ್ಯಾಂಡುಗಳನ್ನು ಗೊಬ್ಬರದ ಗೋದಾಮಿನಲ್ಲಿಟ್ಟು ಸದಸ್ಯರಿಗೆ ಎರವಲು ಕೊಡುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಇಡುತ್ತೇವೆ. ಬೇಕೆನ್ನುವವರು ಸಭೆಗೆ ಮೊದಲೇ ಕಚೇರಿಯಲ್ಲಿ ಹೆಸರು ಬರೆಸಿರಿ.