ಸೊಂಟ ಮುರಿಯುವುದು ಮುದುಕರಿಗೆ ಮಾತ್ರವೇ?

ಬಚ್ಚಲಲ್ಲಿ ಜಾರಿದ ಅಜ್ಜಿಯ ಸೊಂಟ ಮುರಿಯಿತೆಂದರೆ ನಾವು ಒಡನೆಯೇ ನಂಬುತ್ತೇವೆ. ಇಪ್ಪತ್ತೈದರ ತರುಣನೊಬ್ಬ ಲೋಕಲ್ ಗಾಡಿಯಿಂದ ಬಿದ್ದು ಕಾಲೂರಲಾರದೆ ನರಳುತ್ತಿದ್ದರೆ ಮಾತ್ರ, ಉಳುಕಿರಬೇಕು, ಎಣ್ಣೆ ಹಚ್ಚಿ ನೀವಿದರೆ ಹೋದೀತು ಎಂದುಬಿಡುತ್ತೇವೆ. ನಮ್ಮ ಹೋಟೆಲು ಬಂಧುಗಳ ಕೋಣೆಗಳಲ್ಲಿ ಈ ಉಪಚಾರ ಇಂದಿಗೂ ನಡೆದೇ ಇದೆ.

ಸೊಂಟ ಮುರಿಯಿತೆಂಬುದು ರೂಢಿಯ ಮಾತು. ನಿಜವಾಗಿ ಮುರಿಯುವುದು ತೊಡೆಯೆಲುಬಿನ ಮೇಲ್ತುದಿ. ಅಲ್ಲಿ ಚೆಂಡಿನಂತಹ ತಲೆಯೊಂದು ಸೊಂಟದ ಗೂಡಿನಲ್ಲಿ ಕುಳಿತು ತಿರುಗುತ್ತದೆ. ಅದರ ಕೆಳಗಿನ ಕಿರಿದಾದ ಭಾಗಕ್ಕೆ ಕುತ್ತಿಗೆಯೆಂದು ಹೆಸರು. ತಲೆಗೆ ರಕ್ತವನ್ನೊಯ್ಯುವ ನಾಳಗಳಲ್ಲಿ ಮುಖ್ಯವಾದವು ಈ ಕುತ್ತಿಗೆಯನ್ನು ಅಪ್ಪಿಕೊಂಡೇ ಏರುತ್ತವೆ. ಕುತ್ತಿಗೆ ಮುರಿದು ಸರಿದರೆ ಅವು ಹರಿಯಬಹುದು, ಇಲ್ಲವೆ ತಿರುಚಿಕೊಳ್ಳಬಹುದು. ರಕ್ತ ಕಾಣದ ತಲೆ ಕ್ರಮೇಣ ಸತ್ತು ಕುಸಿಯುತ್ತದೆ. ಮುದುಕರಿಗಾದರೆ ಆ ತಲೆಯನ್ನೇ ತೆಗೆದು ಲೋಹದ ಕೀಲನ್ನಿಡುವುದುಂಟು. ಮುಂದೆ ನಲವತ್ತು ವರ್ಷ ದುಡಿಯಬೇಕಾದವನಿಗೆ ಕೃತಕ ಕೀಲು ಅಷ್ಟು ಕಾಲ ತಾಳುವುದೆಂಬ ಭರವಸೆಯಿಲ್ಲ. ಆದುದರಿಂದ ತರುಣನ ಸ್ವಂತ ಎಲುಬನ್ನು ಉಳಿಸುವುದೇ ವೈದ್ಯರ ಮೊದಲ ಗುರಿ.

ತೊಡೆಸಂದಿನಲ್ಲಿ ತೀವ್ರ ನೋವು, ಮಲಗಿದಲ್ಲಿಂದ ಕಾಲೆತ್ತಲಾಗದಿರುವುದು, ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿರುವುದು, ಇವು ಮುರಿತದ ಗುರುತುಗಳು. ಆದರೆ ಎಲುಬು ಬಿರುಕುಬಿಟ್ಟು ಸರಿಯದಿದ್ದರೆ ಕಾಲು ನೆಟ್ಟಗೇ ಕಾಣುತ್ತದೆ. ಕುಂಟುತ್ತ ನಡೆಯಲೂ ಬಂದೀತು. ನಡೆದನೆಂದ ಮಾತ್ರಕ್ಕೆ ಮುರಿದಿಲ್ಲವೆಂದು ತಿಳಿಯಲಾಗದು. ಕೆಲವರಿಗೆ ನೋವು ಮೊಣಕಾಲಿನಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಕ್ಷ-ಕಿರಣದ ಚಿತ್ರದಲ್ಲಿಯೂ ಸಣ್ಣ ಬಿರುಕು ತಪ್ಪಿಹೋಗಬಹುದು. ನೋವು ಹೋಗದಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಕೇಳುವುದಕ್ಕೆ ಸಂಕೋಚ ಬೇಡ.

ಬೀಳದೆಯೂ ಈ ಎಲುಬು ಬಿರುಕುಬಿಡುವುದುಂಟು. ಪೊಲೀಸ್ ಭರ್ತಿಗೆಂದು ಒಮ್ಮೆಗೇ ಮೈಲಿಗಟ್ಟಲೆ ಓಡತೊಡಗಿದ ತರುಣರಲ್ಲಿ ಹೀಗಾಗುತ್ತದೆ. ಹಗಲೆಲ್ಲ ಅಡಿಗೆಮನೆಯಲ್ಲಿಯೋ ಕಚೇರಿಯಲ್ಲಿಯೋ ಕಳೆದು ಬಿಸಿಲನ್ನೇ ಕಾಣದವರಿಗೆ ‘ಡಿ’ ಜೀವಸತ್ವದ ಕೊರತೆಯಿಂದ ಎಲುಬು ಮೆತ್ತಗಾಗಿದ್ದರೂ ಆಗಬಹುದು. ಕಾಲೂರಿದಾಗ ತೊಡೆಸಂದು ನೋಯುವುದು, ಕುಳಿತರೆ ಶಮನವಾಗುವುದು ಇದರ ಲಕ್ಷಣ. ಅಂತಹ ನೋವನ್ನು ಗುಳಿಗೆ ನುಂಗಿ ಅದುಮಿಟ್ಟು ದುಡಿದರೆ ಬಿರುಕು ಪೂರ್ತಿ ಮುರಿತವಾದೀತು.

ಬಿದ್ದವನನ್ನು ಎಬ್ಬಿಸಿ ನಿಲ್ಲಿಸಬಾರದು; ಕಾಲನ್ನು ಎಳೆಯುವುದು, ನೀವುವುದು, ನಾಟಿ ಕಟ್ಟು ಹಾಕಿಸುವುದು ಯಾವುದೂ ಕೂಡದು. ಕಾಲು ಅಲುಗದಂತೆ ಮಲಗಿಸಿ 108ಕ್ಕೆ ಕರೆಮಾಡಬೇಕು. ನಮ್ಮವರು ಪ್ರೀತಿಯಿಂದ ಕುಡಿಸುವ ಬಿಸಿ ಚಹವೂ ಆಗ ಬೇಡ. ಶಸ್ತ್ರಚಿಕಿತ್ಸೆಗೆ ಹೊಟ್ಟೆ ಖಾಲಿಯಿರಬೇಕಾಗುತ್ತದೆ. ಸರಿದ ಎಲುಬನ್ನು ಸ್ವಸ್ಥಾನಕ್ಕೆ ತಂದು ತಿರುಪುಗಳಿಂದ ಬಿಗಿಯುವ ಈ ಕೆಲಸ ಸಾಧ್ಯವಾದಷ್ಟು ಬೇಗ, ಸಾಮಾನ್ಯವಾಗಿ ಒಂದು ದಿನದೊಳಗೆ ಆಗುವುದು ಲೇಸು. ಎಷ್ಟು ಕರಾರುವಾಕ್ಕಾಗಿ ಕೂಡಿಸಿದರೆಂಬುದೂ ಅಷ್ಟೇ ಮುಖ್ಯ.

ಆಮೇಲೆ ಹಲವು ವಾರ ಊರುಗೋಲು ತಪ್ಪದು. ತಟ್ಟೆ ಹೊತ್ತು ಓಡಾಡುವ ಕೆಲಸಕ್ಕೆ ವೈದ್ಯರ ಅಪ್ಪಣೆಯಿಲ್ಲದೆ ಮರಳಬಾರದು. ಬೀಡಿ ಸಿಗರೇಟುಗಳು ಎಲುಬು ಕೂಡುವುದನ್ನು ತಡೆಯುತ್ತವೆ. ತಲೆ ಸಾಯುವ ಸೂಚನೆ ಒಂದೆರಡು ವರ್ಷಗಳ ಮೇಲೆಯೂ ತೋರಬಹುದಾದುದರಿಂದ, ವಿಶ್ರಾಂತಿಗೆಂದು ಊರಿಗೆ ಹೊರಡುವವರು ಚಿತ್ರಗಳನ್ನೂ ಆಸ್ಪತ್ರೆಯ ಚೀಟಿಯನ್ನೂ ಜೊತೆಗೊಯ್ದು ಅಲ್ಲಿಯ ವೈದ್ಯರಿಗೆ ತೋರಿಸುತ್ತಿರಬೇಕು.