ಬೂದಿಯಡಿ ಉಳಿದ ಕೆಂಡದೊಲೆ

ಸುಯೆಜ್ ಕಾಲುವೆಯ ಕೆಲಸ ಭರದಿಂದ ಸಾಗಿದ್ದ ಕಾಲ. ಬಂದರಿನ ಕಟ್ಟೆಗಳಿಗೆ ನೀರಿನಲ್ಲಿ ಮುಳುಗಿದರೂ ಕರಗದೆ ಬಿಗಿದುಕೊಳ್ಳುವ ಗಾರೆ ಬೇಕಿತ್ತು. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿದರೆ ಅಂಥ ಗಾರೆ ಆಗುತ್ತದೆಂಬುದು ರೋಮನ್ನರ ಕಾಲದಿಂದ ಗೊತ್ತಿದ್ದ ಸಂಗತಿ. ಗ್ರೀಸಿನ ಸಾಂಟೊರಿನಿ ದ್ವೀಪಗಳಲ್ಲಿ ಆ ಬೂದಿ ಆಳೆತ್ತರಕ್ಕಿಂತ ಎಷ್ಟೋ ಪಟ್ಟು ದಪ್ಪಕ್ಕೆ ಬಿದ್ದಿದೆ. ಅದನ್ನು ಅಗೆದು ಹಡಗಿಗೆ ತುಂಬುತ್ತಿದ್ದ ಕೂಲಿಕಾರರಿಗೆ ಥೆರಾಸಿಯಾ ಎಂಬ ಪುಟ್ಟ ದ್ವೀಪದಲ್ಲಿ ಬೂದಿಯ ತಳದಲ್ಲಿ ಕಲ್ಲುಗಳು ಅಡ್ಡ ಬಂದವು. ನೋಡಿದರೆ ಅವು ಮನೆಯ ಗೋಡೆಗಳು.

1866ರಲ್ಲಿ ಅಲ್ಲಿಯ ಜ್ವಾಲಾಮುಖಿ ಮತ್ತೆ ಉಗುಳತೊಡಗಿತು. ಅದನ್ನು ನೋಡಲೆಂದು ಬಂದ ಫ್ರೆಂಚ್ ಭೂವಿಜ್ಞಾನಿ ಫರ್ಡಿನಾಂಡ್ ಫೂಕೆಗೆ ಈ ಗೋಡೆಗಳ ಅರ್ಥ ತಕ್ಷಣ ಹೊಳೆಯಿತು. ಬೂದಿಯ ಮೇಲೆ ಕಟ್ಟಿದ ಮನೆ ಬೂದಿಗಿಂತ ಈಚಿನದು. ಬೂದಿಯ ಕೆಳಗೆ ಸಿಕ್ಕ ಮನೆ ಅದಕ್ಕಿಂತ ಹಳೆಯದು. ಹಾಗಿದ್ದರೆ ದ್ವೀಪವೇ ಸಿಡಿದು ಈ ಬೂದಿ ಸುರಿದ ಮಹಾಸ್ಫೋಟಕ್ಕೂ ಮೊದಲು ಇಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು. ಫೂಕೆ ದೊಡ್ಡ ದ್ವೀಪದ ಅಕ್ರೋತೀರಿ ಎಂಬ ಹಳ್ಳಿಯ ಬಳಿಯೂ ಅಗೆದು ನೋಡಿದ. ಅಲ್ಲಿಯೂ ಗೋಡೆ, ಮಡಕೆ ಸಿಕ್ಕವು. ಆದರೆ ಆ ಸುಳಿವನ್ನು ಹಿಡಿದು ದೊಡ್ಡದಾಗಿ ಅಗೆಯುವವರು ಬರಲು ಇನ್ನೊಂದು ಶತಮಾನ ಬೇಕಾಯಿತು.

ಬಂದವರು ಗ್ರೀಕ್ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್. ಕ್ರೀಟ್ ದ್ವೀಪದ ಹಳೆಯ ನಾಗರಿಕತೆಗೆ ಸಾಂಟೊರಿನಿಯ ಸ್ಫೋಟವೇ ಕಂಟಕವಾಯಿತು ಎಂದು 1939ರಲ್ಲೇ ಬರೆದಿದ್ದರು. ಆ ವಾದವನ್ನು ಅದೇ ರೂಪದಲ್ಲಿ ಇಂದು ಹೆಚ್ಚು ಜನ ಒಪ್ಪುವುದಿಲ್ಲ. ಆದರೆ ಅದರ ಬೆನ್ನು ಹತ್ತಿಯೇ ಅವರು 1967ರಲ್ಲಿ ಅಕ್ರೋತೀರಿಯಲ್ಲಿ ಗುದ್ದಲಿ ಹಾಕಿಸಿದ್ದು. ಕೆಲವೇ ದಿನಗಳಲ್ಲಿ ಊರಿಗೆ ಊರೇ ಕಾಣತೊಡಗಿತು. ಎರಡು, ಮೂರು ಅಂತಸ್ತಿನ ಮನೆಗಳು, ಬೀದಿಯ ಕೆಳಗೆ ಹರಿಯುವ ಚರಂಡಿ, ಗೋಡೆಯ ಮೇಲೆ ಬಣ್ಣ ಮಾಸದ ಚಿತ್ರಗಳು. 1974ರಲ್ಲಿ ಮರಿನಾಟೋಸ್ ಅದೇ ಉತ್ಖನನದ ಜಾಗದಲ್ಲಿ ಪ್ರಾಣ ಬಿಟ್ಟರು. ಆಮೇಲೆ ಕ್ರಿಸ್ಟೋಸ್ ದೌಮಾಸ್ ಕೆಲಸ ಮುಂದುವರಿಸಿದರು.

ಆ ಊರಿನ ಮನೆಗಳಲ್ಲಿ ಮನುಷ್ಯರ ಹೆಣ ಸಿಕ್ಕಿಲ್ಲ. ಮೊದಲು ನೆಲ ನಡುಗಿತ್ತು. ಜನ ಎಚ್ಚೆತ್ತು ಹೊರಟುಹೋಗಿದ್ದರು. ಒಡವೆ ವಸ್ತುಗಳನ್ನೂ ಒಯ್ದಿರಬೇಕು. ಬಿಟ್ಟುಹೋದದ್ದು ಹೊರಲಾರದ ಸಾಮಾನನ್ನು: ಕಾಳಿನ ಗುಡಾಣ, ಎಣ್ಣೆಯ ಭರಣಿ, ಮೂರು ಕಾಲಿನ ಅಡುಗೆ ಮಡಕೆ. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಬೂದಿ ಬಿದ್ದು ಅದೆಲ್ಲ ಇದ್ದ ಹಾಗೇ ಮುಚ್ಚಿಹೋಯಿತು. ಅರಮನೆ ಅಗೆದರೆ ರಾಜನ ಕತೆ ಸಿಗುತ್ತದೆ, ಗೋರಿ ಅಗೆದರೆ ಸಾವಿನ ಕತೆ. ಬಳಕೆಯಲ್ಲಿದ್ದ ಅಡುಗೆಮನೆಯೇ ಹೀಗೆ ಕೈಗೆ ಸಿಗುವುದು ಬಲು ಅಪರೂಪ. ನಮ್ಮ ಕತೆಯ ವಸ್ತು ಸಿಕ್ಕಿದ್ದು ಆ ಸಾಮಾನಿನ ನಡುವೆ.

ಸುಟ್ಟ ಜೇಡಿಮಣ್ಣಿನ ಒಂದು ಜೋಡಿ ಆಸರೆ. ಎರಡು ಗಿಡ್ಡ ಗೋಡೆಗಳಂತೆ ಎದುರು ಬದುರು ನಿಲ್ಲಿಸುವಂಥವು. ತುದಿಯಲ್ಲಿ ಪ್ರಾಣಿಯ ತಲೆ. ಮೇಲಂಚಿನಲ್ಲಿ ಸಾಲಾಗಿ ಕಚ್ಚುಗಳು. ಈ ಗೋಡೆಯ ಕಚ್ಚಿಗೂ ಆ ಗೋಡೆಯ ಕಚ್ಚಿಗೂ ಸರಿ ಹೊಂದಿಕೆ. ಒಂದು ಕಡ್ಡಿ ಅಡ್ಡ ಇಟ್ಟರೆ ಎರಡೂ ಕಡೆ ನೆಟ್ಟಗೆ ಕೂರುತ್ತದೆ, ಉರುಳುವುದಿಲ್ಲ. ನಡುವಿನ ಜಾಗ ಕೆಂಡಕ್ಕೆ. ಮಾಂಸದ ತುಂಡುಗಳನ್ನು ಪೋಣಿಸಿದ ಕಡ್ಡಿಗಳನ್ನು ಸಾಲಾಗಿ ಇಟ್ಟು, ಒಂದು ಮಗ್ಗುಲು ಬೆಂದ ಮೇಲೆ ಹೊರಳಿಸಿ ಇನ್ನೊಂದು ಮಗ್ಗುಲು ಬೇಯಿಸುವ ಏರ್ಪಾಡು. ಇವತ್ತು ಯಾವುದೇ ಕಬಾಬಿನ ಗಾಡಿಯ ಮುಂದೆ ನಿಂತರೂ ಕಾಣುವುದು ಇದೇ.

ಇಷ್ಟನ್ನು ನೋಡಿ ಮುಂದೆ ಹೋಗಿಬಿಡಬಹುದು. ಆದರೆ ಬಗ್ಗಿ ಬುಡ ನೋಡಬೇಕು. ಗೋಡೆಯ ಬುಡದ ಉದ್ದಕ್ಕೂ ಸಾಲಾಗಿ ತೂತುಗಳಿವೆ. ಅಂದಕ್ಕೆ ಮಾಡಿದ್ದಲ್ಲ. ಇದ್ದಿಲಿನ ಕೆಂಡಕ್ಕೆ ಕೆಳಗಿನಿಂದ ಗಾಳಿ ಸಿಗಬೇಕು. ಸಿಗದಿದ್ದರೆ ಮೇಲೆ ಬೂದಿ ಕಟ್ಟಿ ಒಳಗೇ ನಂದಿಕೊಳ್ಳುತ್ತದೆ. ಎರಡು ಕಡೆ ಗೋಡೆ ಎಬ್ಬಿಸಿದಾಗ ಗಾಳಿ ಕಟ್ಟುತ್ತದೆ ಎಂಬುದನ್ನು ಮಾಡಿದವರು ಅರಿತಿದ್ದರು, ಅದಕ್ಕೆ ದಾರಿ ಬಿಟ್ಟಿದ್ದರು. ಮಾಂಸವನ್ನು ಕಡ್ಡಿಗೆ ಚುಚ್ಚಿ ಬೆಂಕಿಗೆ ಹಿಡಿಯುವುದು ಹಸಿದ ಯಾರಿಗಾದರೂ ಹೊಳೆಯುವ ಮಾತು. ಅದನ್ನು ಇಂಥ ಊರಿನವರೇ ಕಂಡುಹಿಡಿದರು ಎನ್ನುವುದರಲ್ಲಿ ಅರ್ಥವಿಲ್ಲ. ಉರಿಯನ್ನು ಬಿಟ್ಟು ಕೆಂಡವನ್ನು ಆರಿಸಿಕೊಂಡದ್ದು, ಕೆಂಡಕ್ಕೂ ಮಾಂಸಕ್ಕೂ ನಡುವೆ ಇಷ್ಟೇ ಅಂತರವಿರಬೇಕೆಂದು ಗೊತ್ತುಮಾಡಿದ್ದು, ಕೆಂಡ ಉಸಿರಾಡಲು ತೂತು ಕೊರೆದದ್ದು, ಇದು ಆವಿಷ್ಕಾರ. ಅದನ್ನು ಮಾಡಿದ ಅಡುಗೆಯವರ, ಕುಂಬಾರರ ಹೆಸರು ನಮಗೆ ಸಿಗುವುದಿಲ್ಲ. ಅವರ ಬೆರಳು ಆಡಿದ ಮಣ್ಣು ಸಿಕ್ಕಿದೆ.

ಹೋಮರನ ಇಲಿಯಡ್ ಓದಿದವರಿಗೆ ಇಲ್ಲಿ ಒಂದು ದೃಶ್ಯ ನೆನಪಾಗದೆ ಇರದು. ಒಂಬತ್ತನೆಯ ಸರ್ಗದಲ್ಲಿ ಮುನಿಸಿಕೊಂಡು ಕೂತ ಅಕಿಲೀಸನ ಬಿಡಾರಕ್ಕೆ ಸಂಧಾನಕ್ಕೆಂದು ಜನ ಬರುತ್ತಾರೆ. ವೀರರ ಕೈಯಲ್ಲೇ ಅಡುಗೆ. ಅಕಿಲೀಸ್ ಮಾಂಸ ಕೊಯ್ದು ಸರಳಿಗೆ ಪೋಣಿಸುತ್ತಾನೆ, ಗೆಳೆಯ ಪ್ಯಾಟ್ರೋಕ್ಲಸ್ ಬೆಂಕಿ ಹೊತ್ತಿಸುತ್ತಾನೆ. ಉರಿ ಇಳಿಯುವವರೆಗೆ ಕಾದು, ಕೆಂಡ ಹರವಿ, ಸರಳುಗಳನ್ನು ಆಸರೆಗಳ ಮೇಲೆ ಇಟ್ಟು ಉಪ್ಪು ಉದುರಿಸುತ್ತಾರೆ. ಅಡುಗೆ ಬಲ್ಲ ಕವಿಯೇ ಬರೆಯಬಹುದಾದ ಸಾಲುಗಳು ಅವು. ಉರಿ ಇಳಿಯಲಿ ಎಂದು ಕಾಯುವುದನ್ನು ಬಿಡದೆ ಹೇಳಿದ್ದಾನೆ. ಆ ಆಸರೆಗಳು ಹೇಗಿದ್ದವೆಂಬುದರ ಬಗ್ಗೆ ಪ್ರಾಚೀನ ಟೀಕಾಕಾರರೂ ತರ್ಕ ಮಾಡುತ್ತಿದ್ದರು. ಹೋಮರನಿಗಿಂತ ಎಂಟೊಂಬತ್ತು ಶತಮಾನ ಹಿಂದಿನ ಆಸರೆಗಳು ಅಕ್ರೋತೀರಿಯ ಬೂದಿಯಿಂದ ಇಡಿಯಾಗಿ ಎದ್ದುಬಂದವು.

ಹೋಮರನ ಕಾಲಕ್ಕೆ ಹತ್ತಿರದ ಪುರಾವೆ 1953ರಲ್ಲಿ ಗ್ರೀಸಿನ ಆರ್ಗೋಸ್‌ನಲ್ಲಿ ದೊರೆತಿತ್ತು. ಅಲ್ಲಿ ಒಬ್ಬ ಯೋಧನ ಗೋರಿ ತೆರೆದಾಗ ಕಂಚಿನ ಎದೆಕವಚ, ಶಿರಸ್ತ್ರಾಣದ ಜತೆಗೆ ಹನ್ನೆರಡು ಕಬ್ಬಿಣದ ಸರಳುಗಳಿದ್ದವು. ಅವನ್ನು ಇಡಲು ಯುದ್ಧನೌಕೆಯ ಆಕಾರದ ಜೋಡಿ ಆಸರೆಯೂ ಇತ್ತು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಕೊನೆಯ ಕಾಲದ್ದು. ಪರಲೋಕಕ್ಕೆ ಹೊರಟವನ ಜತೆ ಆಯುಧದಷ್ಟೇ ಮರ್ಯಾದೆಯಿಂದ ಅಡುಗೆಯ ಸರಳನ್ನೂ ಇಟ್ಟು ಕಳಿಸಿದ್ದಾರೆ. ಅದೇ ಆರ್ಗೋಸ್ ಸೀಮೆಯ ಹೇರಾ ದೇವಿಯ ಗುಡಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಗೆದಾಗ ಇಂಥ ಸರಳುಗಳ ದೊಡ್ಡ ಕಟ್ಟೇ ಸಿಕ್ಕಿತ್ತು. ನಾಣ್ಯ ಟಂಕಿಸುವ ಮೊದಲು ಗ್ರೀಕರು ಕಬ್ಬಿಣದ ಸರಳನ್ನು ಹಣದಂತೆ ಎಣಿಸುತ್ತಿದ್ದರು. ಆರು ಸರಳು ಅಂದರೆ ಒಂದು ಹಿಡಿ. ಮುಂದೆ ಬೆಳ್ಳಿಯ ನಾಣ್ಯ ಬಂದಾಗಲೂ ಆರಕ್ಕೆ ಒಂದು ಎಂಬ ಲೆಕ್ಕ ಉಳಿಯಿತು. ಆರು ಓಬೊಲ್, ಅಂದರೆ ಸರಳು, ಸೇರಿ ಒಂದು ದ್ರಾಕ್ಮಾ, ಅಂದರೆ ಹಿಡಿ. ಗ್ರೀಸ್ ಯುರೋಗೆ ಬದಲಾಗುವವರೆಗೂ ಅಲ್ಲಿಯ ಹಣದ ಹೆಸರು ದ್ರಾಕ್ಮಾ ಎಂದೇ ಇತ್ತು.

ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಅಧ್ಯಾಯ ಈಚಿನದು, ಮತ್ತು ಅದು ನಡೆದದ್ದು ಅಮೆರಿಕದಲ್ಲಿ. ಗ್ರೀಸಿನ ಮುಖ್ಯಭೂಮಿಯಲ್ಲಿ ಆಳಿದ ಮೈಸೀನಿಯನ್ನರ ನೆಲೆಗಳಲ್ಲಿ ಆಯತಾಕಾರದ ಮಣ್ಣಿನ ತಟ್ಟೆಗಳು ಸಿಗುತ್ತವೆ. ಅವುಗಳ ಅಂಚಿನಲ್ಲೂ ಕಡ್ಡಿ ಕೂರಿಸುವ ಕಚ್ಚುಗಳಿವೆ. ಪುರಾತತ್ವಜ್ಞರು ಅವಕ್ಕೆ ‘ಸುವ್ಲಾಕಿ ತಟ್ಟೆ’ ಎಂದೇ ಹೆಸರಿಟ್ಟರು; ಸುವ್ಲಾಕಿ ಎಂದರೆ ಇಂದಿನ ಗ್ರೀಕರ ಕಡ್ಡಿ ಮಾಂಸ. ಆದರೆ ಬಳಸುತ್ತಿದ್ದದ್ದು ಹೇಗೆ? ತಟ್ಟೆಯನ್ನು ಬೆಂಕಿಯ ಮೇಲಿಟ್ಟು, ಮಾಂಸದಿಂದ ಇಳಿಯುವ ಕೊಬ್ಬನ್ನು ಅದರಲ್ಲಿ ಹಿಡಿಯುತ್ತಿದ್ದರು ಎಂದು ಒಂದು ವಾದ. ತಟ್ಟೆಯೊಳಗೇ ಕೆಂಡ ಸುರಿಯುತ್ತಿದ್ದರು ಎಂದು ಇನ್ನೊಂದು. ಆ ಕಾಲದ ಮಣ್ಣಿನ ಹಲಗೆಗಳಲ್ಲಿ ಔತಣಕ್ಕೆ ಒದಗಿಸಿದ ಸಾಮಗ್ರಿಯ ಲೆಕ್ಕ ಇದೆ, ಅಡುಗೆಯ ಕ್ರಮ ಒಂದೂ ಇಲ್ಲ.

ಡಾರ್ಟ್‌ಮತ್ ಕಾಲೇಜಿನ ಪುರಾತತ್ವಜ್ಞೆ ಜೂಲಿ ಹ್ರೂಬಿ ಈ ಚರ್ಚೆಯನ್ನು ಒಲೆಯ ಮುಂದೆ ತಂದರು. ಕೋನಿ ಪಾಡ್ಲೆಸ್ಕಿ ಎಂಬ ಕುಂಬಾರ ಕಲಾವಿದೆಯ ಜತೆ ಸೇರಿ, ಮೈಸೀನಿಯನ್ನರ ಮಣ್ಣಿಗೆ ಹೋಲುವ ಹಾಗೆ ಅಮೆರಿಕದ ಮಣ್ಣುಗಳನ್ನು ಹದವಾಗಿ ಬೆರೆಸಿ ಅಂಥದೇ ತಟ್ಟೆಗಳನ್ನು ಮಾಡಿದರು. ಬೆಂಕಿಯ ಮೇಲಿಟ್ಟು ನೋಡಿದರು. ದಪ್ಪ ಮಣ್ಣಿನ ತಳ ಶಾಖವನ್ನು ಮೇಲಕ್ಕೆ ಬಿಡಲಿಲ್ಲ. ಮಾಂಸ ಹಸಿಯಾಗಿಯೇ ಉಳಿಯಿತು. ತಟ್ಟೆಯೊಳಗೆ ಕೆಂಡ ಸುರಿದು ಮೇಲೆ ಕಡ್ಡಿ ಇಟ್ಟರು. ಮಾಂಸ ಚೆನ್ನಾಗಿ ಬೆಂದಿತು. ಅಂದರೆ ಇದು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಒಲೆ. ಜತೆಗೆ, ಒಂದು ಮುಖ ನುಣುಪಾಗಿ ಇನ್ನೊಂದು ಮುಖ ಚುಕ್ಕೆ ಗುಳಿಗಳಿಂದ ತುಂಬಿದ ಮಣ್ಣಿನ ಕಾವಲಿಗಳ ಗುಟ್ಟೂ ಬಯಲಾಯಿತು: ನುಣುಪಾದ ಕಡೆ ರೊಟ್ಟಿ ಅಂಟಿಕೊಂಡಿತು, ಗುಳಿಗಳಿದ್ದ ಕಡೆ ಸಲೀಸಾಗಿ ಎದ್ದು ಬಂತು. 2014ರ ಜನವರಿಯಲ್ಲಿ ಷಿಕಾಗೋದಲ್ಲಿ ಸೇರಿದ ಅಮೆರಿಕದ ಪುರಾತತ್ವ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಇದನ್ನೆಲ್ಲ ಮುಂದಿಟ್ಟರು. ಪುಸ್ತಕದ ಮೇಲೆ ಬಗೆಹರಿಯದೆ ಉಳಿದದ್ದನ್ನು ಕೆಂಡ ಬಗೆಹರಿಸಿತ್ತು.

ಕಬಾಬಿನ ಹುಟ್ಟಿನ ಬಗ್ಗೆ ಎಲ್ಲ ಕಡೆ ಒಂದು ಕತೆ ಕೇಳಿಬರುತ್ತದೆ. ತುರ್ಕಿ ಇಲ್ಲವೇ ಪರ್ಷಿಯಾದ ಸೈನಿಕರು ದಂಡಯಾತ್ರೆಯಲ್ಲಿ ಪಾತ್ರೆ ಇಲ್ಲದೆ ಕತ್ತಿಗೇ ಮಾಂಸ ಚುಚ್ಚಿ ಸುಟ್ಟರಂತೆ. ಕೇಳಲು ಸೊಗಸು. ಆದರೆ ಕಾದ ಕತ್ತಿಯ ಹದ ಕೆಡುತ್ತದೆ. ತನ್ನ ಪ್ರಾಣ ನೆಚ್ಚಿದ ಆಯುಧವನ್ನು ದಿನಾ ಕೆಂಡದ ಮೇಲಿಡುವ ಸೈನಿಕನನ್ನು ನಾನು ನಂಬಲಾರೆ. ಮೇಲಾಗಿ ಆ ದಂಡುಗಳಿಗಿಂತ ಸಾವಿರಾರು ವರ್ಷ ಮೊದಲೇ ಅಕ್ರೋತೀರಿಯ ಮನೆಗಳಲ್ಲಿ ಇದಕ್ಕೆಂದೇ ಮಾಡಿದ ಒಲೆ ಇತ್ತು. ನಮ್ಮ ನಾಡಿನ ಸಾಕ್ಷ್ಯವೂ ಆ ಕತೆಗೆ ಒಗ್ಗುವುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟಕ್ಕೇ ಒಂದು ಪ್ರಕರಣವಿದೆ. ಮಾಂಸವನ್ನು ತುಂಡು ಮಾಡಿ, ಮಸಾಲೆ ಹಿಡಿಸಿ, ಕೆಂಡದ ಮೇಲೆ ಸುಡುವ ಬಗೆಗಳನ್ನು ದೊರೆ ರುಚಿ ಬಲ್ಲವನಾಗಿ ವಿವರಿಸುತ್ತಾನೆ. ಬಸವಕಲ್ಯಾಣದ ಸೀಮೆಯಲ್ಲಿ ಸುಲ್ತಾನರ ಆಳ್ವಿಕೆ ಕಾಲಿಡುವುದಕ್ಕೂ ಮೊದಲಿನ ಮಾತಿದು.

ಗ್ರೀಸಿನ ಬೀದಿಯಲ್ಲಿ ಇವತ್ತು ಸಿಗುವ ಸುವ್ಲಾಕಿಯಲ್ಲಿ ಸಾಮಾನ್ಯವಾಗಿ ಹಂದಿ ಮಾಂಸ. ಉಪ್ಪು, ಒರೆಗಾನೊ ಎಂಬ ಸೊಪ್ಪಿನ ಪುಡಿ, ಮೇಲೆ ಹಿಂಡುವ ನಿಂಬೆರಸ. ಅಥೆನ್ಸಿನಲ್ಲಿ ‘ಕಲಮಾಕಿ’ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. 1922ರ ಯುದ್ಧದ ಸೋಲಿನ ನಂತರ ಏಷ್ಯಾ ಮೈನರ್‌ನಿಂದ ನಿರಾಶ್ರಿತರಾಗಿ ಬಂದ ಲಕ್ಷಾಂತರ ಗ್ರೀಕರು ತಮ್ಮ ರುಚಿಗಳನ್ನೂ ಹೊತ್ತು ತಂದರು. ಮೆತ್ತನೆಯ ಪೀಟಾ ರೊಟ್ಟಿಯಲ್ಲಿ ಮಾಂಸ ಸುತ್ತಿ ಕೊಡುವ ಅಂಗಡಿಗಳು ಊರೂರಲ್ಲಿ ಹಬ್ಬಿದ್ದು ಆಮೇಲೆ. ತಿನಿಸು ಊರು, ಗಡಿ, ಧರ್ಮ ದಾಟಿ ಅಲೆದಿದೆ. ಯಾರೋ ಒಬ್ಬರ ಹೆಸರಿಗೆ ಬರೆದುಕೊಡುವಂಥದ್ದಲ್ಲ. ಬೆಂಗಳೂರಿನ ಮಸೀದಿ ರಸ್ತೆಯಲ್ಲಿ ರಂಜಾನ್ ರಾತ್ರಿ ಬೀಸಣಿಗೆ ಹಿಡಿದು ಕೆಂಡಕ್ಕೆ ಗಾಳಿ ಹಾಕುವವರು ಮಾಡುತ್ತಿರುವುದೂ ಆ ಬುಡದ ತೂತುಗಳು ಮಾಡುತ್ತಿದ್ದ ಕೆಲಸವನ್ನೇ.

ಸಾಂಟೊರಿನಿಗೆ ಈಗ ನಮ್ಮವರೂ ಸಾಕಷ್ಟು ಮಂದಿ ಹೋಗುತ್ತಾರೆ. ಬಿಳಿ ಮನೆ, ನೀಲಿ ಗುಮ್ಮಟ, ಸೂರ್ಯಾಸ್ತ ನೋಡಿ ಬರುತ್ತಾರೆ. ಹೋದಾಗ ಫಿರಾ ಪಟ್ಟಣದ ಬಸ್ ನಿಲ್ದಾಣದ ಹತ್ತಿರವೇ ಇರುವ ಪ್ರಾಗೈತಿಹಾಸಿಕ ಥೀರಾ ವಸ್ತುಸಂಗ್ರಹಾಲಯಕ್ಕೂ ಒಂದು ಗಂಟೆ ಕೊಡಿ. ಚಿತ್ರಗಳ ಮುಂದೆ ಜನ ಹೇಗೂ ನಿಂತಿರುತ್ತಾರೆ. ನೀವು ಅಡುಗೆ ಸಾಮಾನಿನ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ, ಆ ಮಣ್ಣಿನ ಆಸರೆಗಳ ಬುಡ ನೋಡಿ ಬನ್ನಿ.